ಹಾಜರಿ ಪುಸ್ತಕ ಯಾರ ಕೈಲಿದೆ?

ಮಳೆಗಾಲದ ಒಂದು ಸೋಮವಾರ, ಮೂಡಿಗೆರೆ ಕಡೆಯ ಯಾವುದೋ ಒಂದು ಕಾಫಿ ತೋಟ ಎಂದುಕೊಳ್ಳಿ. ಬೆಳಿಗ್ಗೆ ಎಂಟಕ್ಕೆ ಆಳುಗಳು ಬಂದು ಹಾಜರಿ ಕೊಟ್ಟು ಕಳೆ ತೆಗೆಯಲು ಇಳಿದಿದ್ದಾರೆ. ಹನ್ನೊಂದರ ಹೊತ್ತಿಗೆ ಮಳೆ ಹಿಡಿಯುತ್ತದೆ. ಒಂದಷ್ಟು ಹೊತ್ತು ಕಾದು ನೋಡಿದ ಮೇಸ್ತ್ರಿ ‘ಇವತ್ತಿಗೆ ಸಾಕು, ಹೋಗಿ’ ಎನ್ನುತ್ತಾನೆ. ವಾರದ ಬಟವಾಡೆಯಲ್ಲಿ ದುಡ್ಡು ಕಡಿಮೆ ಬಂದಾಗ ಮಾತು ಹೀಗೆ ನಡೆಯುತ್ತದೆ:

“ರೈಟ್ರೇ, ಸೋಮವಾರದ್ದು ಅರ್ಧ ಹಾಜರಿ ಹಾಕಿದೀರಲ್ಲ?”

“ಮಳೆ ಬಂತಲ್ಲಮ್ಮ, ಹನ್ನೊಂದಕ್ಕೇ ಲೈನ್ ಮನೆಗೆ ಹೋದ್ರಲ್ಲ.”

ಅಲ್ಲಿಗೆ ಮುಗಿಯಿತು. ಕೂಲಿಯಾಕೆ ಮುಂದೆ ಕೇಳುವುದಿಲ್ಲ, ತೋಟದ ಹಾಜರಿ, ಲೆಕ್ಕ ಬರೆಯುವ ರೈಟರ್‌ಗೂ ತಾನು ತಪ್ಪು ಮಾಡಿದೆ ಎನಿಸುವುದಿಲ್ಲ. ಮಲೆನಾಡಿನಲ್ಲಿ ಇದು ತಲೆಮಾರುಗಳಿಂದ ನಡೆದುಬಂದ ರೂಢಿ. ಆದರೆ ಕೂಲಿ, ಸಂಬಳದ ಕೇಂದ್ರ ಕಾನೂನಾದ ವೇತನ ಸಂಹಿತೆಯ 10ನೇ ಸೆಕ್ಷನ್ ಬೇರೆಯದನ್ನೇ ಹೇಳುತ್ತದೆ. ದಿನದ ಲೆಕ್ಕದಲ್ಲಿ ಕನಿಷ್ಠ ವೇತನ ನಿಗದಿಯಾದ ಕೆಲಸಗಾರ ಆ ದಿನ ಪೂರ್ತಿ ಹೊತ್ತು ದುಡಿಯದಿದ್ದರೂ ಪೂರ್ತಿ ದಿನದ ಕೂಲಿಗೆ ಹಕ್ಕುದಾರ. ತಾನಾಗಿಯೇ ಕೆಲಸ ಒಲ್ಲೆ ಎಂದು ಹೋದರೆ ಮಾತ್ರ ಆ ಹಕ್ಕಿಲ್ಲ. ಇಲ್ಲಿ ಆಕೆ ಒಲ್ಲೆ ಎಂದಿಲ್ಲ, ಹೋಗಿ ಎಂದವನು ಮೇಸ್ತ್ರಿ. ಸರ್ಕಾರ ನಿಯಮಗಳಲ್ಲಿ ಇನ್ನಷ್ಟು ವಿನಾಯಿತಿ ಸೇರಿಸಲು ಆ ಸೆಕ್ಷನ್ ಜಾಗ ಬಿಟ್ಟಿದೆ, ನಿಜ. ಆದರೆ ‘ಮಳೆ ಬಂದರೆ ಅರ್ಧ ಹಾಜರಿ’ ಎಂಬುದು ಸಂಹಿತೆಯಲ್ಲಿ ಬರೆದ ಮಾತಲ್ಲ, ತೋಟದಲ್ಲಿ ಬೆಳೆದ ಮಾತು. ಇದೇನು ಹೊಸ ಕಾನೂನೂ ಅಲ್ಲ. 1948ರ ಕನಿಷ್ಠ ವೇತನ ಕಾಯ್ದೆಯಲ್ಲೂ ಇದೇ ಮಾತಿತ್ತು.

ಈಗ ಇದನ್ನೆಲ್ಲ ಮತ್ತೆ ಮಾತನಾಡಬೇಕಾದ್ದಕ್ಕೆ ಕಾರಣವಿದೆ. 2025ರ ನವೆಂಬರ್ 21ರಿಂದ ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿದೆ: 2019ರ ವೇತನ ಸಂಹಿತೆ, 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ, ಸಾಮಾಜಿಕ ಭದ್ರತಾ ಸಂಹಿತೆ, ಔದ್ಯೋಗಿಕ ಸುರಕ್ಷತಾ ಸಂಹಿತೆ. ಹಳೆಯ 29 ಕಾಯ್ದೆಗಳು ಇವುಗಳೊಳಗೆ ಸೇರಿಹೋಗಿವೆ. ತೋಟದ ಕೆಲಸಗಾರರ ಪಾಲಿಗೆ ಎಪ್ಪತ್ತು ವರ್ಷ ಆಧಾರವಾಗಿದ್ದ 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯೂ ಅದರಲ್ಲಿ ಒಂದು. ಹಳೆಯ ನಿಯಮ, ಅಧಿಸೂಚನೆಗಳು ಸಂಹಿತೆಗೆ ವಿರುದ್ಧವಾಗದಷ್ಟರ ಮಟ್ಟಿಗೆ ಮುಂದುವರಿಯುತ್ತವೆ. ಟಿವಿ ಚರ್ಚೆಗಳಲ್ಲಿ ಒಬ್ಬರು ಇದನ್ನು ಕ್ರಾಂತಿ ಎಂದರು, ಇನ್ನೊಬ್ಬರು ಗುಲಾಮಗಿರಿ ಎಂದರು. ಚಿಕ್ಕಮಗಳೂರು, ಹಾಸನದ ದುಡಿಯುವವರ ಮಟ್ಟಿಗೆ ಎರಡೇ ಪ್ರಶ್ನೆ ಮುಖ್ಯ ಎಂದು ನನಗನ್ನಿಸುತ್ತದೆ. ಯಾವ ಹಕ್ಕು ತೋಟದ ಎಕರೆ ಮತ್ತು ಆಳಿನ ಲೆಕ್ಕಕ್ಕೆ ಕಟ್ಟುಬಿದ್ದಿದೆ, ಯಾವುದು ಇಲ್ಲ? ಜಗಳ ಬಂದಾಗ ಯಾರು ರುಜುವಾತು ಮಾಡಬೇಕು?

ಮೊದಲನೆಯದನ್ನು ನೋಡೋಣ. ಸುರಕ್ಷತಾ ಸಂಹಿತೆಯ ಪ್ರಕಾರ ಕಾಫಿ, ಟೀ, ರಬ್ಬರ್, ಏಲಕ್ಕಿ, ಸಿಂಕೋನಾ ಬೆಳೆಯುವ ಜಮೀನು 5 ಹೆಕ್ಟೇರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ‘ಪ್ಲಾಂಟೇಶನ್’. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ 12 ಎಕರೆ 14 ಗುಂಟೆ. ಜೊತೆಗೆ ಹತ್ತು ಅಥವಾ ಹೆಚ್ಚು ಕೆಲಸಗಾರರಿರಬೇಕು. ಈ ಎರಡನ್ನೂ ದಾಟಿದ ತೋಟದ ಮಾಲೀಕರು ಕುಡಿಯುವ ನೀರು, ವಾಸದ ಮನೆ, ವೈದ್ಯಕೀಯ ಸೌಲಭ್ಯ ಒದಗಿಸುವ ಹೊಣೆ ಹೊರಬೇಕಾಗುತ್ತದೆ. ಐವತ್ತು ಮತ್ತು ಹೆಚ್ಚು ಕೆಲಸಗಾರರಿದ್ದರೆ ಶಿಶುಪಾಲನಾ ಕೇಂದ್ರವೂ ಬೇಕು, ಆ ಐವತ್ತರಲ್ಲಿ ಕಂಟ್ರಾಕ್ಟರ್ ಕರೆತಂದವರೂ ಲೆಕ್ಕಕ್ಕೆ ಬರುತ್ತಾರೆ. ಔಷಧಿ ಹೊಡೆಯುವವರಿಗೆ ರಕ್ಷಣಾ ಸಾಮಗ್ರಿ, ತರಬೇತಿ ಕೊಡುವುದೂ ಇದೇ ಅಧ್ಯಾಯದಲ್ಲಿದೆ.

ಆದರೆ ನಮ್ಮ ಜಿಲ್ಲೆಗಳ ತೋಟಗಳು ಎಷ್ಟು ದೊಡ್ಡವು? ಕಾಫಿ ಬೆಳೆಗಾರರಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರು. ಮೂರೆಕರೆ, ಐದೆಕರೆ, ಎಂಟೆಕರೆಯವರೇ ಹೆಚ್ಚು. ಅಣ್ಣತಮ್ಮಂದಿರು ಪಾಲಾದಾಗ ಇಪ್ಪತ್ತು ಎಕರೆಯ ತೋಟ ಮೂರು ಪಹಣಿಯಾಗುತ್ತದೆ. ಆಳು ಅದೇ, ಮೇಸ್ತ್ರಿ ಅದೇ, ಕಣವೂ ಒಂದೇ, ಆದರೆ ಕಾಗದದ ಮೇಲೆ ಅದು ಮೂರು ಸಣ್ಣ ತೋಟ. ಸಕಲೇಶಪುರ, ಆಲೂರು, ಬೇಲೂರು, ಕೊಪ್ಪ, ಕಳಸ ಎಲ್ಲಿ ಹೋದರೂ ಈ ಚಿತ್ರ ಕಾಣುತ್ತದೆ. ಹಾಗಾಗಿ ಮನೆ, ಆಸ್ಪತ್ರೆ, ಶಿಶುಪಾಲನೆಯ ಹಕ್ಕುಗಳು ದೊಡ್ಡ ಎಸ್ಟೇಟುಗಳ ಗೇಟಿನೊಳಗೇ ಉಳಿಯುತ್ತವೆ. ಹೊರಗಿನ ಸಾವಿರಾರು ಕೆಲಸಗಾರರಿಗೆ ಅವು ಓದಿ ತಿಳಿಯುವ ಸಂಗತಿಗಳಷ್ಟೇ. ಇದು ಹೊಸ ಸಂಹಿತೆ ತಂದ ದೋಷವಲ್ಲ. 5 ಹೆಕ್ಟೇರಿನ ಗೆರೆ ಹಳೆಯ ಕಾಯ್ದೆಯಲ್ಲೂ ಇತ್ತು. ಮೊದಲು ಹದಿನೈದು ಕೆಲಸಗಾರರು ಬೇಕಿತ್ತು, ಈಗ ಹತ್ತು ಸಾಕು. ಗೆರೆ ಒಂದಿಷ್ಟು ಕೆಳಗಿಳಿದಿದೆ, ಅಷ್ಟೆ.

ಸಣ್ಣ ಬೆಳೆಗಾರರ ಮಾತನ್ನೂ ಇಲ್ಲಿ ಕೇಳಿಸಿಕೊಳ್ಳಬೇಕು. ನಾಲ್ಕೆಕರೆಯ ರೈತನಿಗೆ ಕಂಪನಿಯ ಹೊಣೆ ಹೊರಿಸಿದರೆ ಅವನು ಹೊರಲಾರ. ಕಾಫಿ ಬೆಲೆ ಈಚೆಗೆ ದಾಖಲೆ ಏರಿದ್ದೇನೋ ಸರಿ, ಆದರೆ ಬೆಲೆ ನೆಲಕಚ್ಚಿದ ವರ್ಷಗಳನ್ನೂ ಅವನು ಕಂಡಿದ್ದಾನೆ. ಹಣ್ಣು ಕೊಯ್ಲಿಗೆ ಆಳು ಸಿಗದೆ ಗಿಡದಲ್ಲೇ ಹಣ್ಣು ಉದುರಿದ್ದನ್ನೂ ಕಂಡಿದ್ದಾನೆ. ಎಕರೆಯ ಗೆರೆ ಇರುವುದಕ್ಕೆ ಅರ್ಥವಿದೆ ಎಂದು ನಾನೂ ಒಪ್ಪುತ್ತೇನೆ. ನನ್ನ ತಕರಾರು ಬೇರೆ: ಆ ಗೆರೆ ಎಲ್ಲ ಹಕ್ಕಿಗೂ ಇದೆ ಎಂದು ಎರಡೂ ಕಡೆಯವರು ನಂಬಿಬಿಟ್ಟಿದ್ದಾರೆ.

ಎಕರೆ ಲೆಕ್ಕವಿಲ್ಲದ ಹಕ್ಕುಗಳು ಬೇಕಾದಷ್ಟಿವೆ. ಕನಿಷ್ಠ ವೇತನ ಅದರಲ್ಲಿ ಮೊದಲನೆಯದು. ಮೊದಲು ಸರ್ಕಾರದ ಪಟ್ಟಿಯಲ್ಲಿದ್ದ ಉದ್ಯೋಗಗಳಿಗೆ ಮಾತ್ರ ಅನ್ವಯವಾಗುತ್ತಿದ್ದ ಅದು ಈಗ ಎಲ್ಲ ಕೆಲಸಗಾರರಿಗೂ ಉಂಟು. ರಾಜ್ಯದಲ್ಲಿ ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ನಲ್ಲಿ ಬದಲಾಗುವುದರಿಂದ ಹೋದ ವರ್ಷದ ಕೂಲಿಯೇ ಈ ವರ್ಷವೂ ನಡೆಯುತ್ತಿದ್ದರೆ ಲೆಕ್ಕ ನೋಡಬೇಕು. ಹಣ್ಣು ಕೊಯ್ಲಿನಲ್ಲಿ ಕೆ.ಜಿ. ಲೆಕ್ಕದಲ್ಲಿ ಕೂಲಿ ಕೊಡುವುದು ತಪ್ಪಲ್ಲ. ಆದರೆ ಅಲ್ಲಿಗೆಂದು ಸರ್ಕಾರ ಬೇರೆ ಕೆ.ಜಿ. ದರ ನಿಗದಿ ಮಾಡಿಲ್ಲದಿದ್ದರೆ, ದಿನವಿಡೀ ಕೊಯ್ದವರಿಗೆ ಸಿಗುವ ಮೊತ್ತ ದಿನದ ಕನಿಷ್ಠ ಕೂಲಿಗಿಂತ ಕೆಳಗಿಳಿಯುವಂತಿಲ್ಲ. ಸೀಸನ್ನಿನ ಕೊನೆಯಲ್ಲಿ ಗಿಡದಲ್ಲಿ ಅಲ್ಲೊಂದು ಇಲ್ಲೊಂದು ಹಣ್ಣು ಉಳಿದಾಗ ಈ ಮಾತಿನ ಬೆಲೆ ಗೊತ್ತಾಗುತ್ತದೆ.

ಎರಡನೆಯದು ಸಮಾನ ಕೂಲಿ. ‘ಗಂಡಾಳಿಗೆ ಇಷ್ಟು, ಹೆಣ್ಣಾಳಿಗೆ ಇಷ್ಟು’ ಎಂದು ನಾವು ಎಷ್ಟು ಸಲೀಸಾಗಿ ಹೇಳುತ್ತೇವೆ! ಮರಗಸಿಗೆ (ನೆರಳಿನ ಮರಗಳ ಕೊಂಬೆ ಸವರಲು) ಮರ ಹತ್ತುವವನಿಗೆ ಹೆಚ್ಚು ಕೊಡಲಿ, ಅದು ಬೇರೆ ಕೆಲಸ. ಒಂದೇ ಸಾಲಿನಲ್ಲಿ ಒಂದೇ ಹಣ್ಣು ಕೊಯ್ಯುವ ಗಂಡ ಹೆಂಡಿರಿಗೆ ಬೇರೆ ಬೇರೆ ದಿನಗೂಲಿ ಕೊಡುವುದು 1976ರಿಂದಲೂ ಕಾನೂನುಬಾಹಿರ. ವೇತನ ಸಂಹಿತೆಯ 3ನೇ ಸೆಕ್ಷನ್ ಅದನ್ನೇ ಮತ್ತೆ ಹೇಳಿದೆ, ಒಂದೆಕರೆ ತೋಟಕ್ಕೂ ಹೇಳಿದೆ.

ಇನ್ನು ಸಂಬಳದ ಗಡುವು. ವಾರದ ಲೆಕ್ಕವಾದರೆ ವಾರದ ರಜೆಗೆ ಮುಂಚಿನ ಕೆಲಸದ ದಿನ, ತಿಂಗಳ ಲೆಕ್ಕವಾದರೆ ಮುಂದಿನ ತಿಂಗಳ ಏಳನೇ ತಾರೀಕಿನೊಳಗೆ ಕೊಡಬೇಕು. ಕೆಲಸದಿಂದ ತೆಗೆದರೂ ಅವರೇ ಬಿಟ್ಟರೂ ಬಾಕಿ ಸಂಬಳ ಎರಡು ಕೆಲಸದ ದಿನಗಳಲ್ಲಿ ಸಂದಾಯವಾಗಬೇಕು. ‘ಕಾಫಿ ಮಾರಿದ ಮೇಲೆ ನೋಡೋಣ’ ಎನ್ನುವುದಕ್ಕೆ ಇದರಲ್ಲಿ ಎಡೆಯಿಲ್ಲ.

ಈಗ ಎರಡನೇ ಪ್ರಶ್ನೆ. ನನ್ನ ಮಟ್ಟಿಗೆ ಇದೇ ಮೊದಲನೆಯದು. ಹಕ್ಕೇನೋ ಇದೆ, ತೋರಿಸುವುದು ಹೇಗೆ? ತೋಟದ ಕೆಲಸಗಾರರ ಹತ್ತಿರ ಕಾಗದವೇ ಇರುವುದಿಲ್ಲ. ಚೆಕ್‌ರೋಲ್ (ಹಾಜರಿ ಪಟ್ಟಿ) ರೈಟರ್ ಕೈಲಿರುತ್ತದೆ, ಮುಂಗಡದ ಲೆಕ್ಕ ಮೇಸ್ತ್ರಿಯ ಕಿಸೆಯ ಚಿಕ್ಕ ನೋಟ್‌ಬುಕ್ಕಿನಲ್ಲಿರುತ್ತದೆ. ‘ನಿನಗೆ ಕೊಡಬೇಕಾದ್ದು ಕೊಟ್ಟಾಯ್ತು’ ಎಂದುಬಿಟ್ಟರೆ ಇಲ್ಲ ಎನ್ನಲು ಆಕೆಯ ಬಳಿ ನೆನಪು ಬಿಟ್ಟರೆ ಬೇರೇನಿಲ್ಲ. ಲೇಬರ್ ಆಫೀಸಿನ ಮೆಟ್ಟಿಲು ಹತ್ತದೇ ಎಷ್ಟೋ ಜನ ವಾಪಸಾಗುವುದು ಇಲ್ಲೇ.

ವೇತನ ಸಂಹಿತೆಯ 59ನೇ ಸೆಕ್ಷನ್ ಈ ಗಂಟನ್ನು ಬಿಚ್ಚುತ್ತದೆ. ಸಂಬಳವೋ ಬೋನಸ್ಸೋ ಬಂದಿಲ್ಲ, ಅಥವಾ ಕಡಿಮೆ ಬಂದಿದೆ ಎಂದು ಅರ್ಜಿ ಬಿದ್ದರೆ, ಕೊಟ್ಟಿದ್ದೇನೆ ಎಂದು ಸಾಬೀತು ಮಾಡುವ ಹೊರೆ ಮಾಲೀಕರದ್ದು. ಆಕೆ ‘ಬಂದಿಲ್ಲ’ ಎಂದರೆ ಅವರು ರಿಜಿಸ್ಟರ್ ತೆಗೆಯಬೇಕು. ಈ ನಾಲ್ಕು ಸಂಹಿತೆಗಳ ಬಗ್ಗೆ ಬಂದ ದೊಡ್ಡ ದೊಡ್ಡ ಜಾಹೀರಾತುಗಳಲ್ಲಿ ಈ ಸಾಲು ನನ್ನ ಕಣ್ಣಿಗೆ ಬೀಳಲಿಲ್ಲ. ಬಡ ಕೆಲಸಗಾರರಿಗೆ ಇದಕ್ಕಿಂತ ಕೆಲಸಕ್ಕೆ ಬರುವ ಸಾಲು ಮತ್ತೊಂದಿಲ್ಲ. ಮಾಲೀಕರು ರಿಜಿಸ್ಟರ್ ಇಡಬೇಕು, ವೇತನ ಚೀಟಿ ಕೊಡಬೇಕು ಎಂದು 50ನೇ ಸೆಕ್ಷನ್ ಹೇಳುತ್ತದೆ. ವ್ಯವಸಾಯಕ್ಕೆ ಅಥವಾ ಮನೆಗೆಲಸಕ್ಕೆ ಐದಕ್ಕಿಂತ ಹೆಚ್ಚು ಜನರನ್ನು ಇಟ್ಟುಕೊಳ್ಳದವರಿಗೆ ಇದರಿಂದ ವಿನಾಯಿತಿ ಇದೆ. ಆದರೂ ಅಧಿಕಾರಿ ಕೇಳಿದಾಗ ಸಂಬಳ ಕೊಟ್ಟಿದ್ದಕ್ಕೆ ತಕ್ಕ ಪುರಾವೆಯನ್ನು ಅವರೂ ಕೊಡಬೇಕು. ಹಾಗೆ ನೋಡಿದರೆ ಪ್ರಾಮಾಣಿಕ ಬೆಳೆಗಾರನಿಗೂ ಹಾಜರಿ ಪುಸ್ತಕವೇ ರಕ್ಷಣೆ. ಸರಿಯಾಗಿ ಬರೆದು ಸಹಿ ಹಾಕಿಸಿಕೊಂಡವನು ಯಾವ ಸುಳ್ಳು ತಕರಾರಿಗೂ ಹೆದರಬೇಕಾಗಿಲ್ಲ.

ಮೇಸ್ತ್ರಿಯ ಮೂಲಕ ಬಂದವರ ಕಥೆ ಇನ್ನೂ ಸಿಕ್ಕು. ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್‌ನಿಂದ ಬಂದ ಕುಟುಂಬಗಳು ಇಂದು ನಮ್ಮ ತೋಟಗಳಲ್ಲಿ ಸಾಮಾನ್ಯ. ಮಾಲೀಕರು ಮೇಸ್ತ್ರಿಗೆ ಕೊಟ್ಟಿರುತ್ತಾರೆ, ಮೇಸ್ತ್ರಿ ಆಳಿಗೆ ಕೊಟ್ಟಿರುವುದಿಲ್ಲ, ಅಥವಾ ರಾತ್ರೋರಾತ್ರಿ ಫೋನ್ ಸ್ವಿಚ್ ಆಫ್ ಆಗುತ್ತದೆ. ‘ನಾವು ಕೊಟ್ಟಾಗಿದೆ, ಅವನನ್ನೇ ಕೇಳಿ’ ಎಂಬ ಮಾತು ಕಾನೂನಿನೆದುರು ನಿಲ್ಲುವುದಿಲ್ಲ. ಕರೆತಂದವನು ಕೊಡದಿದ್ದರೆ ಯಾರ ತೋಟದಲ್ಲಿ ಕೆಲಸ ನಡೆಯಿತೋ ಆ ಮಾಲೀಕರೇ ಹೊಣೆ ಎಂದು ವೇತನ ಸಂಹಿತೆ ಸ್ಪಷ್ಟವಾಗಿ ಹೇಳಿದೆ. ಅವರು ಆಮೇಲೆ ಮೇಸ್ತ್ರಿಯಿಂದ ವಸೂಲು ಮಾಡಿಕೊಳ್ಳಲಿ.

ಮುಂಗಡದ ವಿಷಯಕ್ಕೆ ಬಂದರೆ, ಮದುವೆಗೋ ಆಸ್ಪತ್ರೆಗೋ ಮುಂಗಡ ತೆಗೆದುಕೊಳ್ಳುವುದು ಅಪರಾಧವಲ್ಲ. ಸಂಬಳದಲ್ಲಿ ಕಂತಾಗಿ ಮುರಿದುಕೊಳ್ಳಬಹುದು. ಆದರೆ ಎಲ್ಲ ಬಗೆಯ ಕಡಿತ ಸೇರಿ ಆ ಅವಧಿಯ ಸಂಬಳದ ಅರ್ಧವನ್ನು ಮೀರಬಾರದು. ‘ಬಾಕಿ ತೀರುವವರೆಗೆ ಬೇರೆ ತೋಟಕ್ಕೆ ಹೋಗುವ ಹಾಗಿಲ್ಲ’ ಎಂದು ಆಧಾರ್ ಕಾರ್ಡು ಇಟ್ಟುಕೊಂಡ ಕ್ಷಣ ಅದು ಸಾಲದ ವ್ಯವಹಾರವಾಗಿ ಉಳಿಯುವುದಿಲ್ಲ, 1976ರ ಜೀತ ಪದ್ಧತಿ ನಿರ್ಮೂಲನ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಆ ಕಾಯ್ದೆ ಹೊಸ ಸಂಹಿತೆಗಳಲ್ಲಿ ಸೇರಿಲ್ಲ, ಹಾಗೇ ಜಾರಿಯಲ್ಲಿದೆ. ಅದರ ಪ್ರಕಾರ ಅಂಥ ಸಾಲವೇ ರದ್ದು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ, ದೆಹಲಿಯ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾಮಗಾರಿಗಳ ಪ್ರಕರಣದಲ್ಲಿ ಹೇಳಿಯಾಗಿದೆ.

ಇನ್ನೊಂದು ವಿಷಯವನ್ನು ಮಲೆನಾಡಿನವರು ಬಿಟ್ಟರೆ ಬೇರೆಯವರು ಗಮನಿಸುವುದು ಕಷ್ಟ. ಲೈನ್ ಮನೆಗಳು. ಮಣ್ಣಿನ ಗೋಡೆ, ಹಳೆ ಹೆಂಚು, ಉದ್ದಕ್ಕೆ ಒಂದಕ್ಕೊಂದು ಅಂಟಿಕೊಂಡ ಕೋಣೆಗಳು. ಜುಲೈ ಹೊತ್ತಿಗೆ ಗೋಡೆ ನೀರು ಕುಡಿದು ಕೈಯಿಟ್ಟರೆ ತಣ್ಣಗೆ ಮೆತ್ತಗಾಗಿರುತ್ತದೆ. ಅಂಥ ಗೋಡೆ ರಾತ್ರಿ ಮಲಗಿದವರ ಮೇಲೆ ಬಿದ್ದರೆ? ಸಾಮಾಜಿಕ ಭದ್ರತಾ ಸಂಹಿತೆಯ 75ನೇ ಸೆಕ್ಷನ್ ಇದಕ್ಕೆಂದೇ ಇದೆ. ಪ್ಲಾಂಟೇಶನ್‌ನಲ್ಲಿ ಮಾಲೀಕರು ಕೊಟ್ಟ ಮನೆ ಕುಸಿದು ಕೆಲಸಗಾರರಿಗೋ ಅವರ ಮನೆಯವರಿಗೋ ಸಾವುನೋವಾದರೆ ಮಾಲೀಕರು ಪರಿಹಾರ ಕೊಡಬೇಕು. ಕೆಲಸದ ಹೊತ್ತೇ ಆಗಿರಬೇಕೆಂದಿಲ್ಲ, ಸತ್ತದ್ದು ತೋಟದಲ್ಲಿ ದುಡಿಯದ ಮಗುವಾದರೂ ಸರಿ. ಎರಡು ವಿನಾಯಿತಿಗಳಿವೆ: ವಾಸವಿದ್ದವರ ತಪ್ಪಿನಿಂದಲೇ ಬಿದ್ದಿದ್ದರೆ, ಅಥವಾ ಪ್ರಕೃತಿ ವಿಕೋಪದಿಂದ ಬಿದ್ದಿದ್ದರೆ. ಎರಡನೆಯದರಲ್ಲೇ ಜಗಳ ಹುಟ್ಟುವುದು. ಇಲ್ಲಿ ಮಳೆ ಬಾರದ ವರ್ಷ ಯಾವುದು? ಪ್ರತಿ ವರ್ಷದ ಮುಂಗಾರನ್ನು ‘ವಿಕೋಪ’ ಎಂದು ಕರೆದರೆ ಆ ಸೆಕ್ಷನ್‌ಗೆ ಅರ್ಥವೇ ಉಳಿಯುವುದಿಲ್ಲ. ಗುಡ್ಡ ಜಾರಿದ್ದು ಬೇರೆ, ಹತ್ತು ವರ್ಷ ರಿಪೇರಿ ಕಾಣದ ಗೋಡೆ ನೆನೆದು ಬಿದ್ದದ್ದು ಬೇರೆ. ಬಿರುಕು ಬಿಟ್ಟ ಗೋಡೆಯ ಫೋಟೊವನ್ನು ಮಳೆಗೆ ಮುಂಚೆಯೇ ಮೊಬೈಲಿನಲ್ಲಿ ತೆಗೆದು, ರಿಪೇರಿ ಮಾಡಿಸಿಕೊಡಿ ಎಂದು ರೈಟರ್‌ಗೆ ವಾಟ್ಸ್ಆಪ್‌ನಲ್ಲಿ ಒಂದು ಸಂದೇಶ ಕಳಿಸಿದ್ದರೆ ಆ ವಾದ ಅರ್ಧ ಗೆದ್ದ ಹಾಗೆ.

ಕೆಲಸಕ್ಕೆ ಹೋಗುವ ದಾರಿಯೂ ಈಗ ಲೆಕ್ಕಕ್ಕೆ ಬಂದಿದೆ. ಬಯಲು ಸೀಮೆಯಿಂದ ಪಿಕಪ್ ವ್ಯಾನುಗಳಲ್ಲಿ ಒತ್ತೊತ್ತಾಗಿ ನಿಂತು ಘಟ್ಟದ ತಿರುವುಗಳಲ್ಲಿ ತೋಟ ಸೇರುವವರನ್ನು ನೋಡದವರಿಲ್ಲ. ಮನೆಯಿಂದ ಕೆಲಸದ ಜಾಗಕ್ಕೆ ಹೋಗಿಬರುವಾಗಿನ ಅಪಘಾತ, ಕೆಲಸಕ್ಕೂ ಅದಕ್ಕೂ ನಂಟಿದೆ ಎಂದು ತೋರಿಸಿಕೊಟ್ಟರೆ, ಕೆಲಸದಲ್ಲಾದ ಅಪಘಾತವೇ ಎಂದು ಸಂಹಿತೆ ಪರಿಗಣಿಸುತ್ತದೆ. ನೌಕರರ ಪರಿಹಾರದ ಹಳೆಯ ಕಾಯ್ದೆಯಡಿಯಲ್ಲೂ ಹಾಗೇ ಅರ್ಥ ಮಾಡಬೇಕೆಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯ ಕಾವಲುಗಾರನೊಬ್ಬ 2003ರಲ್ಲಿ ಡ್ಯೂಟಿಗೆ ಹೋಗುವಾಗ ತೀರಿಕೊಂಡ ಪ್ರಕರಣವದು. ತೀರ್ಪು ಬರಲು ಇಪ್ಪತ್ತೆರಡು ವರ್ಷ ಹಿಡಿಯಿತು ಎಂಬುದನ್ನೂ ಮರೆಯುವ ಹಾಗಿಲ್ಲ.

ಹಾಸನದ ಕಡೆ ಬಂದರೆ ಚಿತ್ರ ಬೇರೆ. ಗಾರ್ಮೆಂಟ್ಸ್ ಮತ್ತು ಬಟ್ಟೆ ಕಾರ್ಖಾನೆಗಳಲ್ಲಿ ಕಾಗದಕ್ಕೆ ಕೊರತೆಯಿಲ್ಲ. ಪಂಚಿಂಗ್ ಇದೆ, ಪೇ ಸ್ಲಿಪ್ ಇದೆ, ಪಿಎಫ್ ಇದೆ, ಇಎಸ್ಐ ಇದೆ. ಇಲ್ಲಿ ಹಕ್ಕು ಸೋರಿಹೋಗುವುದು ಸ್ಲಿಪ್ಪಿನ ಅಂಕಣಗಳಲ್ಲಿ. ಮೂಲ ವೇತನ ತಗ್ಗಿಸಿ ಭತ್ಯೆಗಳನ್ನು ಉಬ್ಬಿಸಿದರೆ ಪಿಎಫ್, ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಸಿಗುವ ಮೊತ್ತ) ಎಲ್ಲ ತಗ್ಗುತ್ತವೆ. ಹೊಸ ಸಂಹಿತೆಗಳಲ್ಲಿ ‘ವೇತನ’ಕ್ಕೆ ಒಂದೇ ವ್ಯಾಖ್ಯೆ ಬಂದಿದೆ: ವೇತನದ ಲೆಕ್ಕದಿಂದ ಹೊರಗಿಟ್ಟ ಭತ್ಯೆಗಳು ಒಟ್ಟು ಸಂಬಳದ ಶೇ 50 ಮೀರಿದರೆ, ಮೀರಿದ ಭಾಗ ವೇತನಕ್ಕೇ ಸೇರುತ್ತದೆ. ತಿಂಗಳಿಗೆ 30,000 ರೂಪಾಯಿಯ ಸೂಪರ್‌ವೈಸರ್ ಒಬ್ಬರಿಗೆ ಮೂಲ ವೇತನ 10,000, ಭತ್ಯೆ 20,000 ಎಂದಿರಲಿ. ಈಗ ಅವರ ವೇತನ 15,000 ಎಂದು ಹಿಡಿಯಬೇಕು. ಗ್ರಾಚ್ಯುಟಿ ವರ್ಷಕ್ಕೆ ಹದಿನೈದು ದಿನದ ವೇತನ, ತಿಂಗಳಿಗೆ 26 ದಿನದ ಲೆಕ್ಕ. ಹಿಂದೆ ವರ್ಷಕ್ಕೆ 5,769 ರೂಪಾಯಿ ಆಗುತ್ತಿದ್ದದ್ದು 8,654 ಆಗುತ್ತದೆ. ಪಿಎಫ್ ಹೆಚ್ಚು ಮುರಿದರೆ ಕೈಗೆ ಬರುವುದು ಕೊಂಚ ಕಡಿಮೆಯಾಗಬಹುದು ಎಂಬ ಗೊಣಗಾಟವೂ ಇದೆ, ಅದೂ ಸುಳ್ಳಲ್ಲ.

ಗ್ರಾಚ್ಯುಟಿಗೆ ಸಾಮಾನ್ಯವಾಗಿ ಐದು ವರ್ಷದ ಸತತ ಸೇವೆ ಬೇಕು. ಹೆರಿಗೆ ರಜೆಯ ದಿನಗಳಿಂದ ಸೇವೆ ತುಂಡಾಗುವುದಿಲ್ಲ. ಆದರೆ ‘ರಾಜೀನಾಮೆ ಬರೆದುಕೊಟ್ಟು ಹೋಗಿ, ಮಗು ದೊಡ್ಡದಾದ ಮೇಲೆ ಹೊಸದಾಗಿ ಸೇರ್ಕೊಳ್ಳಿ’ ಎಂಬ ಸಲಹೆಗೆ ಸಹಿ ಹಾಕಿದರೆ ಎಣಿಕೆ ಮತ್ತೆ ಸೊನ್ನೆಯಿಂದ. ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದ ಹೆಣ್ಣುಮಗಳಿಗೆ ಮೊದಲ ಎರಡು ಹೆರಿಗೆಗೆ 26 ವಾರಗಳ ಸಂಬಳ ಸಹಿತ ರಜೆ ಹಕ್ಕಾಗಿರುವಾಗ ರಾಜೀನಾಮೆ ಯಾಕೆ ಎಂದು ಕೇಳಬೇಕಾದ್ದು ಸೂಪರ್‌ವೈಸರನ್ನಲ್ಲ, ಎಚ್ಆರ್‌ನವರನ್ನು, ಅದೂ ಬರಹದಲ್ಲಿ. ನಿಗದಿತ ಅವಧಿಯ ಕರಾರಿನ ಮೇಲೆ ಸೇರಿದವರಿಗೆ ಐದು ವರ್ಷದ ಷರತ್ತು ತೆಗೆದು, ದುಡಿದಷ್ಟಕ್ಕೆ ಗ್ರಾಚ್ಯುಟಿ ಎಂದು ಮಾಡಿರುವುದು ಒಳ್ಳೆಯದೇ. ಕಾಯಂ ಕೆಲಸವನ್ನೆಲ್ಲ ಕರಾರಿಗೆ ಇಳಿಸಲು ಅದೇ ನೆಪವಾಗದಿದ್ದರೆ ಸಾಕು.

ಕೈಗಾರಿಕಾ ಸಂಬಂಧಗಳ ಸಂಹಿತೆ ಮಾತ್ರ ಕೆಲಸಗಾರರಿಂದ ಕಸಿದುಕೊಂಡದ್ದೇ ಹೆಚ್ಚು. ಕಾರ್ಖಾನೆ ಮುಚ್ಚಲು, ಜನರನ್ನು ತೆಗೆಯಲು ಸರ್ಕಾರದ ಪೂರ್ವಾನುಮತಿ ಬೇಕಾಗಿದ್ದ ಮಿತಿ ನೂರು ಕೆಲಸಗಾರರಿಂದ ಮುನ್ನೂರಕ್ಕೆ ಏರಿದೆ. ಮುನ್ನೂರರ ಒಳಗಿರುವ ಘಟಕ ಇನ್ನು ನೋಟಿಸು, ಪರಿಹಾರ ಕೊಟ್ಟು ಬಾಗಿಲು ಹಾಕಬಹುದು. ಕೆಲಸದಿಂದ ತೆಗೆದದ್ದನ್ನು ಪ್ರಶ್ನಿಸಲು ಮೊದಲು ಮೂರು ವರ್ಷವಿತ್ತು, ಈಗ ಎರಡೇ ವರ್ಷ. ಮುಷ್ಕರಕ್ಕೆ ಎಲ್ಲ ಕೈಗಾರಿಕೆಗಳಲ್ಲೂ 14 ದಿನದ ನೋಟಿಸು ಕಡ್ಡಾಯ. ಇದನ್ನು ‘ಸುಧಾರಣೆ’ ಎನ್ನುವವರು ಯಾರಿಗೆ ಸುಧಾರಣೆ ಎಂದೂ ಹೇಳಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಎರಡು ಮಾತು. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಸಂಹಿತೆಗಳಿಂದ ಹೊರಗೇ ಇದೆ. ಹತ್ತು ಜನರಿರುವ ಎಲ್ಲ ಕಡೆ ಆಂತರಿಕ ಸಮಿತಿ ಬೇಕು. ಅಷ್ಟು ಜನರಿಲ್ಲದ ಸಣ್ಣ ತೋಟ, ಅಂಗಡಿ, ಹೋಮ್‌ಸ್ಟೇಗಳವರು, ಹಾಗೆಯೇ ಮಾಲೀಕರ ಮೇಲೇ ದೂರು ಇರುವವರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬಹುದು. ದೂರನ್ನು ಮೂರು ತಿಂಗಳೊಳಗೆ ಕೊಡಬೇಕು, ತಕ್ಕ ಕಾರಣವಿದ್ದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. ಇನ್ನು ರಾಜ್ಯ ಸರ್ಕಾರ 2025ರ ನವೆಂಬರ್‌ನಲ್ಲಿ ತಂದ ಮುಟ್ಟಿನ ರಜೆ, ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ. ಅದರಲ್ಲಿ ಪ್ಲಾಂಟೇಶನ್ ಕಾಯ್ದೆಯಡಿ ಬರುವ ತೋಟಗಳನ್ನೂ ಹೆಸರಿಸಿದ್ದಾರೆ. ಅದೇ ತಿಂಗಳಲ್ಲಿ ಆ ಕಾಯ್ದೆಯೇ ಸಂಹಿತೆಯೊಳಗೆ ಕರಗಿಹೋಯಿತು! ನಮ್ಮಲ್ಲಿ ಎಡಗೈ ಮಾಡಿದ್ದು ಬಲಗೈಗೆ ಗೊತ್ತಾಗುವುದು ತಡ.

ಹಾಗಾದರೆ ಸೋಮವಾರದ ಅರ್ಧ ಹಾಜರಿಯಾಕೆ ಏನು ಮಾಡಬಹುದು? ವೇತನದ ತಕರಾರಿಗೆ ಮೂರು ವರ್ಷದ ಕಾಲಾವಕಾಶವಿದೆ. ಅರ್ಜಿಯನ್ನು ಆಕೆಯೇ ಕೊಡಬೇಕೆಂದಿಲ್ಲ, ನೋಂದಾಯಿತ ಯೂನಿಯನ್ ಕೊಡಬಹುದು, ಈಗ ‘ನಿರೀಕ್ಷಕ ಮತ್ತು ಸೌಲಭ್ಯಕಾರ’ ಎಂದು ಹೊಸ ಹೆಸರು ಪಡೆದಿರುವ ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರೂ ಕೊಡಬಹುದು. ಮಾಲೀಕರ ಎದುರು ಒಬ್ಬಂಟಿಯಾಗಿ ನಿಲ್ಲಲು ಹೆದರುವವರಿಗೆ ಇದು ದೊಡ್ಡ ಅನುಕೂಲ. ಬಾಕಿ ಸಾಬೀತಾದರೆ ಅದರ ಹತ್ತು ಪಟ್ಟಿನವರೆಗೂ ಪರಿಹಾರ ವಿಧಿಸುವ ಅಧಿಕಾರ ಈ ಅರ್ಜಿಗಳನ್ನು ವಿಚಾರಿಸುವ ಪ್ರಾಧಿಕಾರಕ್ಕಿದೆ. ವಕೀಲರ ಫೀಸಿಗೆ ದುಡ್ಡಿಲ್ಲ ಎಂಬ ಚಿಂತೆಯಿದ್ದರೆ ಹಾಸನದಲ್ಲೂ ಚಿಕ್ಕಮಗಳೂರಲ್ಲೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯದ ಮಿತಿಯೇ ಇಲ್ಲದೆ ಉಚಿತ ವಕೀಲರನ್ನು ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ತೊಡಕು ಒಂದಿದೆ. ಹೊಸ ಪದ್ಧತಿಯಲ್ಲಿ ತಪಾಸಣೆ ಕಂಪ್ಯೂಟರ್ ಆರಿಸಿಕೊಟ್ಟ ಕಡೆಗೆ. ಮೊದಲ ಸಲದ ಹಲವು ತಪ್ಪುಗಳಿಗೆ ಕೇಸಿಗೆ ಮುಂಚೆ ಸರಿಪಡಿಸಿಕೊಳ್ಳಲು ಅವಕಾಶ, ದಂಡ ಕಟ್ಟಿ ರಾಜಿಯಾಗುವ ದಾರಿಯೂ ಉಂಟು. ಜೀಪು ಹತ್ತಿ ಕಾಡುದಾರಿಯಲ್ಲಿ ತೋಟಕ್ಕೆ ಬರುವ ಇನ್‌ಸ್ಪೆಕ್ಟರ್ ಮೊದಲೇ ಅಪರೂಪ, ಇನ್ನು ಮುಂದೆ ಮತ್ತೂ ಅಪರೂಪವಾಗಬಹುದು. ಅರ್ಜಿ ಬೀಳದೆ ಸಾಬೀತಿನ ಹೊರೆ ಮಾಲೀಕರ ಕಡೆ ತಿರುಗುವುದಿಲ್ಲ. ಅದಕ್ಕೇ ಸುರಕ್ಷತಾ ಸಂಹಿತೆ ಕಡ್ಡಾಯ ಮಾಡಿರುವ ನೇಮಕಾತಿ ಪತ್ರವನ್ನು ಹತ್ತು ಜನರಿರುವ ಎಲ್ಲ ಕಡೆ ಕೇಳಿ ಪಡೆಯುವುದು ಒಳ್ಳೆಯದು. ಪತ್ರ ಸಿಗದ ಕಡೆ, ಮನೆಯಲ್ಲಿ ಓದುವ ಮಗನೋ ಮಗಳೋ ಇದ್ದರೆ ಕ್ಯಾಲೆಂಡರಿನ ಆಯಾ ತಾರೀಕಿನ ಮೇಲೆ ಹೋದ ಹೊತ್ತು, ಬಿಟ್ಟ ಹೊತ್ತು, ಬಿಡಿಸಿದವರು ಯಾರು, ಬಂದ ದುಡ್ಡೆಷ್ಟು ಎಂದು ಬರೆದಿಡಲಿ. ಮಾಲೀಕರ ರಿಜಿಸ್ಟರ್ ಒಂದು ಹೇಳಿ ಗೋಡೆಯ ಕ್ಯಾಲೆಂಡರ್ ಇನ್ನೊಂದು ಹೇಳಿದರೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಅರ್ಜಿ ವಿಚಾರಿಸುವ ಪ್ರಾಧಿಕಾರದ ಕೆಲಸ.